ಫೋರ್ಕ್‌ಲಿಫ್ಟ್ ಬಗೆಗಳ ಹೆಸರು ಮತ್ತು ‘ಲೋಡ್ ಸೆಂಟರ್’: ಕನ್ನಡದಲ್ಲಿ ಯಾವ ಪದ ಸರಿ?

ಮಾನ್ಯರೇ,

ಯಾವ ಕೆಲಸಕ್ಕೆ ಯಾವ ಬಗೆಯ ಫೋರ್ಕ್‌ಲಿಫ್ಟ್ ತಕ್ಕದ್ದು ಎಂಬುದನ್ನು ಗೋದಾಮಿನ ಕೆಲಸಗಾರರಿಗೆ ತಿಳಿಸುವ ಕಿರುಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಗಳ ಸುತ್ತ ಗೋದಾಮುಗಳು ಬೆಳೆದಿರುವುದರಿಂದ ಇದನ್ನು ಕನ್ನಡದಲ್ಲಿ ಓದಬೇಕಾದವರು ಹಲವರಿದ್ದಾರೆ. ‘ಫೋರ್ಕ್‌ಲಿಫ್ಟ್’ ಎಂಬ ಹೆಸರನ್ನು ಬದಲಿಸುವ ಉದ್ದೇಶ ನನಗಿಲ್ಲ. ಅದು ಎಲ್ಲರ ಬಾಯಲ್ಲಿ ನೆಲೆನಿಂತ ಮಾತು. ನನ್ನ ತೊಡಕು ಇರುವುದು ಅದರ ಒಳಬಗೆಗಳ ಹೆಸರುಗಳಲ್ಲಿ ಮತ್ತು ಆಯ್ಕೆಯನ್ನು ನಿರ್ಧರಿಸುವ ಒಂದು ಅಳತೆಯ ಹೆಸರಿನಲ್ಲಿ.

ತಯಾರಕರ ಕೈಪಿಡಿಗಳಲ್ಲಿ ‘ಪ್ಯಾಲೆಟ್ ಟ್ರಕ್’, ‘ರೀಚ್ ಟ್ರಕ್’ ಎಂದಿರುತ್ತದೆ. ಆದರೆ ಕನ್ನಡದ ಓದುಗರಿಗೆ ಟ್ರಕ್ ಎಂದರೆ ಲಾರಿ. ‘ಪ್ಯಾಲೆಟ್ ಟ್ರಕ್ಕಿನಿಂದ ಸರಕನ್ನು ಇಳಿಸಿರಿ’ ಎಂದು ನಾನು ಬರೆದಿದ್ದ ವಾಕ್ಯವನ್ನು, ಕರಡು ಓದಿದವರೊಬ್ಬರು ಲಾರಿಯೊಳಗಿನ ಸರಕನ್ನು ಇಳಿಸುವುದು ಎಂದೇ ಅರ್ಥ ಮಾಡಿಕೊಂಡರು. ನಾನು ಹೇಳಹೊರಟಿದ್ದು ಕೈಯಿಂದ ಎಳೆಯುವ, ಸರಕಿನ ಹಲಗೆಯನ್ನು (ಪ್ಯಾಲೆಟ್) ನೆಲದಿಂದ ಹೆಚ್ಚೆಂದರೆ ಗೇಣೆತ್ತರಕ್ಕೆ ಎತ್ತುವ ಸಾಧನವನ್ನು. ನಮ್ಮ ‘ಇಂದ’ ಪ್ರತ್ಯಯ ಕರಣಕ್ಕೂ (ಯಾವುದರ ಮೂಲಕ) ಅಪಾದಾನಕ್ಕೂ (ಎಲ್ಲಿಂದ) ಒಂದೇ ಆಗಿರುವುದರಿಂದ ವ್ಯಾಕರಣವೂ ಆ ಓದುಗರ ನೆರವಿಗೆ ಬರಲಿಲ್ಲ. ಗೋದಾಮಿನ ಮಾತಿನಲ್ಲಿ ಇವೆಲ್ಲವೂ ‘ಗಾಡಿ’ಯೇ ಆದ್ದರಿಂದ ‘ಪ್ಯಾಲೆಟ್ ಗಾಡಿ’ ಎಂದು ಬರೆಯುವುದು ಸರಿಯೆಂದು ನನಗೆ ತೋರುತ್ತದೆ.

‘ರೀಚ್’ ಇನ್ನೊಂದು ಬಗೆಯ ತೊಡಕು. ‘ಊರಿಗೆ ರೀಚ್ ಆದೆವು’ ಎಂಬ ಬಳಕೆಯ ಬಲದಿಂದ ಅದು ಕನ್ನಡದಲ್ಲಿ ‘ತಲುಪು’ ಎಂಬ ಅರ್ಥದಲ್ಲಿ ಬೇರುಬಿಟ್ಟಿದೆ. ಇಲ್ಲಿ ಬೇಕಾದ ಅರ್ಥ ‘ಚಾಚು’. ಈ ಗಾಡಿ ತನ್ನ ಫೋರ್ಕುಗಳನ್ನು, ಎಂದರೆ ಹೊರೆ ಎತ್ತುವ ಕವಲುಗಳನ್ನು, ಮುಂದಕ್ಕೆ ಚಾಚಿ, ರ‍್ಯಾಕಿನಲ್ಲಿರುವ ಹಲಗೆಯನ್ನು ಹಿಡಿದು, ಮತ್ತೆ ಮುಂದಕ್ಕೆ ನೀಡಿಕೊಂಡಿರುವ ತನ್ನ ಎರಡು ಆಧಾರಗಾಲುಗಳ ಕಡೆಗೆ ಸೆಳೆದುಕೊಳ್ಳುತ್ತದೆ. ಹೊರೆ ಹೀಗೆ ಒಳಕ್ಕೆ ಬರುವುದರಿಂದಲೇ ಅದಕ್ಕೆ ಸರಕಿನ ಸಾಲುಗಳ ನಡುವೆ 3 ಮೀಟರಿನ ಆಸುಪಾಸಿನ ಅಗಲದ ಓಣಿ ಸಾಕಾಗುತ್ತದೆ. ಆದುದರಿಂದ ‘ಚಾಚುಗಾಡಿ’ ಎಂದರೆ ಹೆಸರು ಕೆಲಸವನ್ನು ತೋರಿಸುತ್ತದೆ. ಅದರ ಚಿಕ್ಕ ಗಟ್ಟಿಗಾಲಿಗಳಿಗೆ ಸಮತಟ್ಟಾದ ನೆಲವೇ ಬೇಕು ಎಂಬುದನ್ನು ಮಾತ್ರ ಹೆಸರು ಹೇಳಲಾರದು. ಅದನ್ನು ವಿವರಣೆಯಲ್ಲಿಯೇ ಹೇಳಬೇಕು.

ಹೆಚ್ಚು ಬಳಕೆಯಲ್ಲಿರುವ ‘ಕೌಂಟರ್‌ಬ್ಯಾಲೆನ್ಸ್’ ಬಗೆಯಲ್ಲಿ ಹೊರೆ ಮುಂಗಾಲಿಗಳನ್ನು ದಾಟಿ ಮುಂದಕ್ಕೆ ಚಾಚಿಕೊಂಡಿರುತ್ತದೆ, ಗಾಡಿಯ ಹಿಂಬದಿಯ ತೂಕ ಅದನ್ನು ಸರಿದೂಗಿಸುತ್ತದೆ. ಇದು ತಿರುಗಲು ಸಾಮಾನ್ಯವಾಗಿ 3.5ರಿಂದ 4 ಮೀಟರ್ ಅಗಲದ ಓಣಿ ಬೇಕು. ಆದರೆ ಗಾಳಿ ತುಂಬಿದ ಟೈರುಗಳಿದ್ದರೆ ಅಂಗಳದಲ್ಲಿಯೂ ಕೆಲಸ ಮಾಡುತ್ತದೆ. ಇದಕ್ಕೆ ನಾನು ಮೊದಲು ‘ಪ್ರತಿಭಾರ’ ಎಂದು ಬರೆದಿದ್ದೆ. ‘ಪ್ರತಿದಿನ’, ‘ಪ್ರತಿಮನೆ’ಗಳ ಜಾಡಿನಲ್ಲಿ ಅದನ್ನು ‘ಒಂದೊಂದು ಭಾರ’ ಎಂದು ಓದಬಹುದು ಎನ್ನಿಸಿ ‘ಎದುರುತೂಕ’ ಎಂದು ತಿದ್ದಿದೆ. ವಿವರಣೆಗೆ ಏತದ ಹೋಲಿಕೆಯನ್ನು ಬಳಸಿದ್ದೇನೆ: ಅಡ್ಡಮರದ ಒಂದು ತುದಿಯಲ್ಲಿ ನೀರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಕಟ್ಟಿದ ಕಲ್ಲು, ನಡುವೆ ಆಧಾರದ ಕಂಬ. ಗಾಡಿಯಲ್ಲಿ ಆ ಕಂಬದ ಸ್ಥಾನದಲ್ಲಿ ನಿಲ್ಲುವುದು ಮುಂಗಾಲಿಗಳ ಅಚ್ಚು. ಆದರೆ ‘ಏತ ನೀರಾವರಿ’ ಎಂಬ ಸರ್ಕಾರಿ ಬಳಕೆಯಲ್ಲಿ ಕಲ್ಲೂ ಮರವೂ ಮರೆಯಾಗಿ, ಏತವೆಂದರೆ ಬರಿಯ ಎತ್ತುವಿಕೆ ಎಂಬ ಅರ್ಥ ಮಾತ್ರ ಉಳಿದಿರುವುದರಿಂದ, ಇಂದಿನ ಓದುಗರಿಗೆ ಈ ಹೋಲಿಕೆ ಎಷ್ಟರಮಟ್ಟಿಗೆ ಎಟುಕುತ್ತದೆ ಎಂಬ ಸಂದೇಹ ನನಗಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಲೋಡ್ ಸೆಂಟರ್’. ಗಾಡಿಯ ಸಾಮರ್ಥ್ಯದ ಫಲಕದಲ್ಲಿ ‘2500 ಕೆ.ಜಿ., 500 ಮಿ.ಮೀ.’ ಎಂದಿದ್ದರೆ, ಎರಡನೆಯ ಅಂಕಿ ಫೋರ್ಕಿನ ನೆಟ್ಟಗಿನ ಮುಖದಿಂದ ಹೊರೆಯ ಗುರುತ್ವ ಕೇಂದ್ರದವರೆಗಿನ ದೂರ. ಇದನ್ನು ‘ಭಾರಕೇಂದ್ರ’ ಎಂದು ಅನುವಾದಿಸಿದರೆ ಓದುಗರು ಅದನ್ನು ಒಂದು ಬಿಂದುವೆಂದು ತಿಳಿಯುತ್ತಾರೆ. ವಿಜ್ಞಾನದ ಪಾಠದಲ್ಲಿ ಕಲಿತ ‘ಗುರುತ್ವ ಕೇಂದ್ರ’ ಬಿಂದುವೇ ಆಗಿರುವುದರಿಂದ ಅದು ಅವರ ತಪ್ಪಲ್ಲ. ಆದರೆ ದೂರವೆಂಬ ಅರ್ಥ ಕಳೆದುಹೋದರೆ, 2500 ಕೆ.ಜಿ. ತೂಗುವ ಯಾವ ಪೆಟ್ಟಿಗೆಯನ್ನಾದರೂ ಈ ಗಾಡಿ ಎತ್ತಬಲ್ಲದು ಎಂಬ ಅಪಾಯದ ತಿಳಿವಳಿಕೆ ಉಳಿಯುತ್ತದೆ. ಮುಂಗಾಲಿಯ ಅಚ್ಚಿನಿಂದ ಫೋರ್ಕಿನ ಮುಖಕ್ಕೆ 450 ಮಿ.ಮೀ. ಇದೆಯೆಂದು ಇಟ್ಟುಕೊಳ್ಳೋಣ. 2500 ಕೆ.ಜಿ.ಯನ್ನು ಅಚ್ಚಿನಿಂದ ಒಟ್ಟು 950 (450+500) ಮಿ.ಮೀ. ದೂರದಲ್ಲಿ ತಾಳುವ ಗಾಡಿ, 1400 ಮಿ.ಮೀ. ಉದ್ದದ ಪೆಟ್ಟಿಗೆ ಬಂದು, ಅದರ ಗುರುತ್ವ ಕೇಂದ್ರ ನಟ್ಟನಡುವೆ (700 ಮಿ.ಮೀ.) ಇದ್ದು, ದೂರ 1150 (450+700) ಮಿ.ಮೀ. ಆದಾಗ ಸುಮಾರು 2065 ಕೆ.ಜಿ.ಯನ್ನಷ್ಟೇ ತಾಳುತ್ತದೆ. ಇದು ಸ್ಥೂಲ ಲೆಕ್ಕ; ಹೊರೆಯನ್ನು ಮೇಲಕ್ಕೆ ಎತ್ತಿದಾಗ ಸಾಮರ್ಥ್ಯ ಇನ್ನೂ ಇಳಿಯುವುದುಂಟು, ಕೊನೆಯ ಮಾತು ಫಲಕದ್ದೇ. ಹೀಗಿರುವಾಗ ಪದ ತಪ್ಪಿದರೆ ಗಾಡಿ ಮುಗ್ಗರಿಸುವವರೆಗೆ ಅದು ಯಾರ ಗಮನಕ್ಕೂ ಬಾರದೇ ಹೋಗಬಹುದು.

ನಾನು ಯೋಚಿಸಿರುವ ಪದ ‘ಹೊರೆದೂರ’. ‘ಭಾರ’ ಎಂಬುದು ತೂಕಕ್ಕೂ ಸಲ್ಲುತ್ತದೆ, ಹೊತ್ತ ವಸ್ತುವಿಗೂ ಸಲ್ಲುತ್ತದೆ. ‘ಹೊರೆ’ ಎಂದರೆ ಹೊತ್ತದ್ದು ಮಾತ್ರ, ‘ತೂಕ’ ಎಂದರೆ ಅಳೆದದ್ದು ಮಾತ್ರ ಎಂದು ಪುಸ್ತಕದುದ್ದಕ್ಕೂ ಪಾಲಿಸುತ್ತಿದ್ದೇನೆ. ಆದರೆ ‘ಹೊರೆದೂರ’ವನ್ನು ‘ಹೊರೆಯನ್ನು ಸಾಗಿಸಬೇಕಾದ ದೂರ’ ಎಂದು ಓದುವ ಸಾಧ್ಯತೆಯೂ ಇದೆ. ‘ಹೊರೆಯ ನಡುದೂರ’ ಎಂದರೆ ಆ ಗೊಂದಲ ತಪ್ಪುತ್ತದೆಯೇ, ಅಥವಾ ಪದ ಉದ್ದವಾಗಿ ಯಾರ ಬಾಯಿಗೂ ಹತ್ತದೆ ಉಳಿಯುತ್ತದೆಯೇ? ಮಂಗಳೂರಿನ ಬಂದರಿನಲ್ಲಾಗಲಿ, ಇಳಕಲ್ಲಿನ ಕಲ್ಲಿನ ಕಾರ್ಖಾನೆಗಳಲ್ಲಾಗಲಿ ಈ ಅಳತೆಗೆ ಕೆಲಸಗಾರರೇ ಬಳಸುವ ಮಾತನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ, ಅದನ್ನು ಅವರು ಹೇಳುವ ರೂಪದಲ್ಲಿಯೇ ದಯವಿಟ್ಟು ತಿಳಿಸಿರಿ. ನನ್ನ ಪದವನ್ನು ಕೈಬಿಟ್ಟು ಅದನ್ನೇ ಬಳಸುತ್ತೇನೆ.