ಪಿ.ಟಿ. ರಿಯೇಜೆಂಟ್ ಪೇಟೆಂಟ್ ವ್ಯಾಜ್ಯ: ಹಳೆಯ ದಾಖಲೆಗಳನ್ನು ಹೇಗೆ ಪರಿಶೀಲಿಸಬೇಕು?

ಪ್ರಶ್ನೆ (ಬೆಳಗಾವಿ)

ಮಾನ್ಯರೇ, ರಕ್ತ ಹೆಪ್ಪುಗಟ್ಟುವ ಅವಧಿಯನ್ನು ಅಳೆಯುವ ಪಿ.ಟಿ. (ಪ್ರೋಥ್ರಾಂಬಿನ್ ಟೈಮ್) ರಿಯೇಜೆಂಟನ್ನು ತಯಾರಿಸುವ ಇಲ್ಲಿನ ಸಣ್ಣ ಘಟಕವೊಂದರಲ್ಲಿ ಗುಣಮಟ್ಟದ ಹೊಣೆ ನನ್ನದು. ನಮ್ಮ ಉತ್ಪನ್ನ ತಮ್ಮ ಪೇಟೆಂಟನ್ನು ಉಲ್ಲಂಘಿಸುತ್ತದೆ ಎಂದು ಕಂಪನಿಯೊಂದು ನೋಟಿಸು ಕಳಿಸಿದೆ. ಅವರ ಮೊದಲ ಕ್ಲೇಮಿನಲ್ಲಿ (ಪೇಟೆಂಟಿನಲ್ಲಿ ತಮ್ಮದೆಂದು ಹಕ್ಕು ಕೇಳಿರುವ ಅಂಶಗಳ ವಿವರ) ರಿಕಾಂಬಿನಂಟ್ ಮಾನವ ಟಿಶ್ಯೂ ಫ್ಯಾಕ್ಟರ್ (ಜೀನ್ ತಂತ್ರದಿಂದ ತಯಾರಿಸಿದ, ರಕ್ತ ಹೆಪ್ಪುಗಟ್ಟಲು ಚಾಲನೆ ಕೊಡುವ ಪ್ರೋಟೀನು), ಗೊತ್ತಾದ ಪ್ರಮಾಣದಲ್ಲಿ ಎರಡು ಫಾಸ್ಫೋಲಿಪಿಡ್‌ಗಳು (ಒಂದು ಬಗೆಯ ಕೊಬ್ಬು), ಕ್ಯಾಲ್ಸಿಯಂ, ಒಂದು ಸ್ಟೆಬಿಲೈಸರ್ (ಕೆಡದಂತೆ ಇಡುವ ವಸ್ತು) ಮತ್ತು 1.0ರ ಆಸುಪಾಸಿನ ಐ.ಎಸ್.ಐ. (ರಿಯೇಜೆಂಟಿನ ಸೂಕ್ಷ್ಮತೆಯನ್ನು ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿ ಹೇಳುವ ಅಂಕಿ) ಇವೆ. ಸ್ಟೆಬಿಲೈಸರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಳೆಯ ಲೇಖನವೊಂದರಲ್ಲಿದೆ. ಆ ಪೇಟೆಂಟನ್ನು ಪ್ರಶ್ನಿಸಲು ಇಷ್ಟು ಸಾಕೇ? ಊರಿನ ಲ್ಯಾಬುಗಳಲ್ಲಿ ಉಳಿದಿರುವ ಹಳೆಯ ಕಿಟ್‌ಗಳ ಬಿಲ್ಲುಗಳಿಗೆ ಬೆಲೆಯಿದೆಯೇ?

ಉತ್ತರ (ಪೇಟೆಂಟ್ ಏಜೆಂಟ್, ಬೆಳಗಾವಿ)

ಸರ್, ಮೊದಲು ಆ ಕ್ಲೇಮಿನ ಆದ್ಯತಾ ದಿನಾಂಕವನ್ನು (ಸಾಮಾನ್ಯವಾಗಿ ಮೊದಲ ಅರ್ಜಿ ಸಲ್ಲಿಸಿದ ದಿನ) ಖಚಿತಪಡಿಸಿಕೊಳ್ಳಿ. ಅದಕ್ಕಿಂತ ಒಂದು ದಿನ ಈಚೆಗೆ ಪ್ರಕಟವಾದ ಲೇಖನವೂ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಹೊಸತನವಿಲ್ಲವೆಂದು ವಾದಿಸಬೇಕಾದರೆ ಕ್ಲೇಮಿನ ಪ್ರತಿಯೊಂದು ಅಂಶವೂ ಒಂದೇ ದಾಖಲೆಯಲ್ಲಿ ಇರಬೇಕು. ಆದ್ದರಿಂದ ಸ್ಟೆಬಿಲೈಸರ್ ಇಲ್ಲದ ನಿಮ್ಮ ಲೇಖನ ಆ ವಾದಕ್ಕೆ ಸಾಲದು. ಆದರೆ ಅದೇ ವಸ್ತುವನ್ನು ಇಂಥ ಪ್ರೋಟೀನುಗಳನ್ನು ಕೆಡದಂತೆ ಇಡಲು ಬಳಸುತ್ತಿದ್ದರೆಂದು ತೋರಿಸುವ ಇನ್ನೊಂದು ದಾಖಲೆ ಸಿಕ್ಕರೆ, ಮತ್ತು ಎರಡನ್ನೂ ಕೂಡಿಸಲು ಆ ಕ್ಷೇತ್ರದ ನುರಿತವನಿಗೆ ಕಾರಣವಿತ್ತೆಂದು ಹೇಳಬಹುದಾದರೆ, ಅದರಲ್ಲಿ ಆವಿಷ್ಕಾರದ ಹೆಜ್ಜೆಯೇ ಇಲ್ಲವೆಂಬ ವಾದ ಗಟ್ಟಿಯಾಗುತ್ತದೆ. 1970ರ ಪೇಟೆಂಟ್ ಕಾಯ್ದೆಯ 64ನೇ ಕಲಮಿನಲ್ಲಿ ಇವೆರಡೂ ಪೇಟೆಂಟ್ ರದ್ದತಿಗೆ ಬೇರೆ ಬೇರೆ ಆಧಾರಗಳು, ಬೆರೆಸಿ ಬರೆಯಬೇಡಿ.

ಬಿಲ್ಲುಗಳ ವಿಷಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರಕಟಣೆ ಜಗತ್ತಿನ ಎಲ್ಲಿ ಆಗಿದ್ದರೂ ನಡೆಯುತ್ತದೆ, ಆದರೆ ಬಹಿರಂಗ ಬಳಕೆ ಭಾರತದಲ್ಲಿಯೇ ಆಗಿರಬೇಕು. ಹಾಗಾಗಿ ಬೆಳಗಾವಿಯ ಲ್ಯಾಬಿನ ಹಳೆಯ ಬಿಲ್ಲು ವಿದೇಶದ ಬಿಲ್ಲಿಗಿಂತ ಹೆಚ್ಚು ಕೆಲಸಕ್ಕೆ ಬರಬಹುದು. ಬಿಲ್ಲು ಸರಕು ಬಂದ ದಿನವನ್ನು ಹೇಳುತ್ತದೆಯೇ ಹೊರತು ಅದರೊಳಗೆ ಏನಿತ್ತೆಂದು ಹೇಳುವುದಿಲ್ಲ. ಅದೇ ಲಾಟ್ ನಂಬರಿನ ಪ್ಯಾಕ್ ಇನ್ಸರ್ಟ್ (ಕಿಟ್ಟಿನೊಳಗಿನ ಮಾಹಿತಿ ಚೀಟಿ) ಜೊತೆಗಿದ್ದರೆ ಮಾತ್ರ ಎರಡೂ ಸೇರಿ ಸಾಕ್ಷ್ಯಕ್ಕೆ ಬಲ ಬರುತ್ತದೆ.

ಉತ್ತರ (ಪೆಥಾಲಜಿಸ್ಟ್, ಬಾಗಲಕೋಟೆ)

ಐ.ಎಸ್.ಐ. ಬಗ್ಗೆ ಒಂದು ಮಾತು ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು 1983ರಲ್ಲಿ ಐ.ಎನ್.ಆರ್. ಪದ್ಧತಿಯನ್ನು (ಬೇರೆ ಬೇರೆ ರಿಯೇಜೆಂಟುಗಳ ಪಿ.ಟಿ. ಫಲಿತಾಂಶಗಳನ್ನು ಒಂದೇ ಅಳತೆಗೆ ತರುವ ಕ್ರಮ) ಒಪ್ಪಿಕೊಂಡಾಗ, ಮಾನವ ಮಿದುಳಿನಿಂದ ತಯಾರಿಸಿದ ಮೂಲ ಮಾನಕ 67/40ಕ್ಕೆ ಐ.ಎಸ್.ಐ. 1.0 ಎಂದೇ ನಿಗದಿಯಾಗಿತ್ತು. ಎಂದಮೇಲೆ ಆ ಅಂಕಿಯನ್ನು ಮುಟ್ಟಬೇಕೆಂಬ ಗುರಿ ಹೊಸದಲ್ಲ. ಅದನ್ನು ಮುಟ್ಟಿದ ಮಿಶ್ರಣ ಹೊಸದೇ ಎಂಬುದೇ ಪ್ರಶ್ನೆ. ಟಿಶ್ಯೂ ಫ್ಯಾಕ್ಟರಿನ ಸಿ.ಡಿ.ಎನ್.ಎ. ಕ್ಲೋನಿಂಗ್ (ಅದರ ಜೀನಿನ ಸಂಕೇತವನ್ನು ಪ್ರತಿ ಮಾಡುವ ಕೆಲಸ) ವರದಿಗಳು 1987ರಲ್ಲಿ ಬಂದವು, ಆದ್ದರಿಂದ ರಿಕಾಂಬಿನಂಟ್ ಪ್ರೋಟೀನಿನ ಹುಡುಕಾಟವನ್ನು ಅಲ್ಲಿಂದ ಈಚೆಗೆ ಮಾಡಿ. ಹಳೆಯ ಲೇಖನದಲ್ಲಿ ಐ.ಎಸ್.ಐ. ಬರೆದಿಲ್ಲವೆಂದು ಅದನ್ನು ಬದಿಗಿಡಬೇಡಿ: ಅದರ ವಿಧಾನವನ್ನೇ ಯಥಾವತ್ತಾಗಿ ಅನುಸರಿಸಿ ರಿಯೇಜೆಂಟ್ ಮಾಡಿ, ಐ.ಎಸ್.ಐ. ಅಳೆದು, ಸ್ವತಂತ್ರ ಲ್ಯಾಬಿನಿಂದ ವರದಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಪೇಟೆಂಟ್ ಮಂಜೂರಾಗಿ ಎರಡು ವರ್ಷ ಕಳೆದಿದೆ. ವಿರೋಧ ಸಲ್ಲಿಸಲು ಇನ್ನೂ ಅವಕಾಶವಿದೆಯೇ?

ಉತ್ತರ (ಪೇಟೆಂಟ್ ಏಜೆಂಟ್, ಬೆಳಗಾವಿ)

ಮಂಜೂರಾತಿಯ ನಂತರದ ವಿರೋಧಕ್ಕೆ ಪ್ರಕಟಣೆಯಿಂದ ಒಂದು ವರ್ಷ ಮಾತ್ರ ಗಡುವು, ಆ ದಾರಿ ಮುಗಿಯಿತು. ರದ್ದತಿಯ ಅರ್ಜಿಗೆ ಅಂಥ ಗಡುವಿಲ್ಲ. ಅವರೇ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿ, ನೀವು ಪ್ರತಿದಾವೆಯಲ್ಲಿ ರದ್ದತಿ ಕೇಳಿದರೆ, ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ. ನಮ್ಮ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ. ನೋಟಿಸಿಗೆ ಉತ್ತರ ಬರೆಯುವ ಮುನ್ನ ಬಿಲ್ಲು ಮತ್ತು ಇನ್ಸರ್ಟುಗಳ ಮೂಲ ಪ್ರತಿಗಳನ್ನು, ಅವುಗಳನ್ನು ಇಟ್ಟುಕೊಂಡಿದ್ದ ಲ್ಯಾಬಿನವರ ಅಫಿಡವಿಟ್ ಸಮೇತ, ವಕೀಲರ ಕೈಗೆ ಒಪ್ಪಿಸಿ.