ಅಪ್‌ಡೇಟ್: ನಮ್ಮೂರಿನ ಹೈಸ್ಕೂಲ್ ವಿಲೀನದ ವಿಷಯ

ಹೋದ ತಿಂಗಳು ಕೇಳಿದ್ದೆ: ರಾಯಬಾಗ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಹೈಸ್ಕೂಲನ್ನು 4 ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ಸೇರಿಸುತ್ತಾರಂತೆ, ಮಗಳು ಒಂಬತ್ತನೇ ಕ್ಲಾಸು, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲು ಸೀದಾ ಬೆಳಗಾವಿಯ ಶಿಕ್ಷಣ ಇಲಾಖೆ ಕಚೇರಿಗೆ ಹೋದೆ. ನಮ್ಮ ಜಿಲ್ಲೆಯಲ್ಲಿ ಬೆಳಗಾವಿ, ಚಿಕ್ಕೋಡಿ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ರಾಯಬಾಗ ಚಿಕ್ಕೋಡಿಗೆ ಸೇರುತ್ತದೆ. ಸುಮ್ನೆ ಒಂದು ದಿನ ಹೋಯಿತು.

ನಿಮ್ಮಲ್ಲೊಬ್ಬರು ಹೇಳಿದಂತೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಹಿಡಿದು ಮಾತಾಡಿದೆ. ಆದರೆ 2009ರ ಆ ಕಾಯ್ದೆ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂಬತ್ತು, ಹತ್ತಕ್ಕೆ ಬರುವುದಿಲ್ಲ. ಹಾಗಾಗಿ ದಾರಿಯ ಮಾತು ಎತ್ತಿದೆವು. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಬಸ್ಸೇ ಇಲ್ಲದಿದ್ದರೆ? ಶಾಲೆ ಬಿಡುವುದು ನಾಲ್ಕೂವರೆಗೆ, ನಮ್ಮೂರ ಬಸ್ಸು ಆರೂವರೆಗೆ. ಕಬ್ಬಿನ ಸೀಸನ್ನಿನಲ್ಲಿ ಆ ರಸ್ತೆ ತುಂಬಾ ಟ್ರ್ಯಾಕ್ಟರ್. ಕತ್ತಲಲ್ಲಿ ಮಕ್ಕಳನ್ನು ಹೇಗೆ ನಡೆಸುವುದು, ಹೇಳಿ.

ಇದನ್ನೇ ಬರೆದು, ತಾಯಂದಿರೆಲ್ಲ ಸಹಿ ಹಾಕಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟೆವು. ಅಧಿಕಾರಿ ಒಂದು ಸಂಜೆ ಬಂದು ಆ ದಾರಿಯಲ್ಲಿ ನಮ್ಮ ಜೊತೆ ನಡೆದರು. ನನಗೆ ಕಣ್ಣು ತುಂಬಿ ಬಂತು. ಈಗಿನ ಒಂಬತ್ತು, ಹತ್ತು ಇಲ್ಲೇ ಮುಗಿಯಲಿ, ಹೊಸ ಎಂಟನೇ ಕ್ಲಾಸು ಅಲ್ಲಿ ಶುರುವಾಗಲಿ ಅಂತ ಮೇಲಕ್ಕೆ ಬರೆದಿದ್ದಾರೆ.

ಆ ಶಾಲೆಯಲ್ಲಿ ಲ್ಯಾಬ್ ಇದೆ, ಗಣಿತಕ್ಕೆ ಬೇರೆ ಮಾಸ್ತರು ಇದ್ದಾರೆ. ಅದು ನಮ್ಮ ಮಕ್ಕಳಿಗೂ ಬೇಕು ಅಲ್ವಾ? ಐದು ಗಂಟೆಗೆ ಒಂದು ಬಸ್ ಕೇಳಿ ಸೋಮವಾರ ಡಿಪೋಗೆ ಅರ್ಜಿ ಕೊಡುತ್ತೇವೆ.