ಅಲೆಗೆ ಎಣ್ಣೆ, ಬೆಂಕಿಗೆ ಎಣ್ಣೆ

ಪ್ರಶ್ನೆ: ‘ಪೋರ್ ಆಯಿಲ್ ಆನ್ ಟ್ರಬಲ್ಡ್ ವಾಟರ್ಸ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಈ ಎಣ್ಣೆ ಎಲ್ಲಿಂದ ಬಂತು?

ಉತ್ತರ: ಪದಕ್ಕೆ ಪದ ಇಟ್ಟರೆ ‘ಕದಡಿದ ನೀರಿಗೆ ಎಣ್ಣೆ ಸುರಿ’, ಅರ್ಥ ಜಗಳ ಶಾಂತಗೊಳಿಸು. ಆದರೆ ‘ಎಣ್ಣೆ ಸುರಿದರು’ ಎಂದು ಮಾತ್ರ ಬರೆಯಬೇಡಿ. ನಮ್ಮಲ್ಲಿ ಎಣ್ಣೆ ಬೀಳುವುದು ಉರಿಯುವ ಬೆಂಕಿಗೆ. ಓದಿದವರು ಜಗಳ ಹಚ್ಚಿದರೆಂದೇ ತಿಳಿಯುತ್ತಾರೆ.

ಇಂಗ್ಲಿಷಿನ ಎಣ್ಣೆ ಕಡಲಿನದು. ಈ ನುಡಿಗಟ್ಟಿನ ಮೂಲವೆಂದು ಸಾಮಾನ್ಯವಾಗಿ ತೋರಿಸುವುದು 731ರ ಸುಮಾರಿಗೆ ಇಂಗ್ಲೆಂಡಿನ ಸನ್ಯಾಸಿ, ಚರಿತ್ರೆಕಾರ ಬೀಡ್ ಬರೆದ ಪ್ರಸಂಗವನ್ನು: ರಾಜ ಓಸ್ವಿಯುವಿನ ವಧುವನ್ನು ಕರೆತರಲು ಹೊರಟ ಪಾದ್ರಿಗೆ ಬಿಷಪ್ ಏಡನ್, ಬಿರುಗಾಳಿ ಎದ್ದಾಗ ಕಡಲಿಗೆ ಹೊಯ್ಯಲೆಂದು ಪವಿತ್ರ ತೈಲ ಕೊಟ್ಟ. ಪವಾಡವೇನೋ ಸರಿ, ಆದರೆ ಮುಳುಗುಗಾರರು ಬಾಯಿಂದ ಎಣ್ಣೆ ಉಗುಳಿ ನೀರನ್ನು ನಯ ಮಾಡುತ್ತಿದ್ದರೆಂದು ರೋಮಿನ ಲೇಖಕ ಪ್ಲಿನಿ ಮೊದಲ ಶತಮಾನದಲ್ಲೇ ಬರೆದಿದ್ದ.

ಇದನ್ನು ಪರೀಕ್ಷೆಗೆ ಒಡ್ಡಿದವನು ಅಮೆರಿಕದ ವಿಜ್ಞಾನಿ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್. ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ಮೊದಲು ಅಲೆ ಜೋರಾಗಿದ್ದ ದಡದಲ್ಲೇ ಎಣ್ಣೆ ಹಾಕಿದ. ಗಾಳಿ ಅದನ್ನು ದಡಕ್ಕೇ ತಳ್ಳಿತು. ಗಾಳಿ ಬರುವ ದಿಕ್ಕಿನ ದಡಕ್ಕೆ ಹೋಗಿ ಒಂದು ಟೀ ಚಮಚದಷ್ಟು ಹಾಕಿದ ಮೇಲೆ ಸುಮಾರು ಅರ್ಧ ಎಕರೆ ನೀರು ಕನ್ನಡಿಯಂತಾಯಿತು. ಈ ವರದಿ 1774ರಲ್ಲಿ ಅಚ್ಚಾಯಿತು. ಲೆಕ್ಕ ಹಾಕಿದರೆ ಆ ಪೊರೆಯ ದಪ್ಪ ಸುಮಾರು 2 ನ್ಯಾನೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದೇ ಅಣುವಿನ ಪದರ. ಕಿರುಅಲೆ ಎದ್ದಾಗ ಈ ಪೊರೆ ಒಂದೆಡೆ ಹಿಗ್ಗಿ ಒಂದೆಡೆ ಕುಗ್ಗುತ್ತದೆ, ಮೇಲ್ಮೈ ಸೆಳೆತ ಏರುಪೇರಾಗಿ ಅಲೆಯ ಶಕ್ತಿ ಅಲ್ಲೇ ಕರಗುತ್ತದೆ. ಕಿರುಅಲೆ ಇಲ್ಲದಿದ್ದರೆ ಗಾಳಿಗೆ ಹಿಡಿತ ಸಿಗದು. ದೊಡ್ಡ ಅಲೆಯನ್ನು ಎಣ್ಣೆ ನಿಲ್ಲಿಸುವುದಿಲ್ಲ, ಒಡೆದು ದೋಣಿಗೆ ನುಗ್ಗುವುದನ್ನು ತಗ್ಗಿಸುತ್ತದೆ ಅಷ್ಟೆ. ಸಸ್ಯದ ಎಣ್ಣೆ, ಮೀನೆಣ್ಣೆ ಚೆನ್ನಾಗಿ ಹರಡುತ್ತವೆ, ಸೀಮೆಎಣ್ಣೆ ಅಷ್ಟಕ್ಕಷ್ಟೆ. ಜೀವರಕ್ಷಕ ದೋಣಿಗಳಲ್ಲಿ ಇಂಥ ಎಣ್ಣೆ ನಾಲ್ಕೂವರೆ ಲೀಟರ್ ಇರಬೇಕೆಂದು 1960ರ ಅಂತರರಾಷ್ಟ್ರೀಯ ಕಡಲ ಸುರಕ್ಷಾ ಒಪ್ಪಂದವೇ ಹೇಳಿತ್ತು.

ಕನ್ನಡಕ್ಕೆ ನನ್ನ ಆಯ್ಕೆ ‘ತಿಳಿಗೊಳಿಸು’. ಪತ್ರಿಕೆಗಳಲ್ಲಿ ದಿನವೂ ಬರುವ ಮಾತು, ಕದಡಿದ ನೀರು ಮಡ್ಡಿ ಇಳಿದು ತಿಳಿಯಾಗುವ ಚಿತ್ರವೂ ಅದರಲ್ಲೇ ಇದೆ: ‘ಅಧ್ಯಕ್ಷರು ಎದ್ದು ನಾಲ್ಕು ಮಾತಾಡಿ ವಾತಾವರಣ ತಿಳಿಗೊಳಿಸಿದರು.’ ಮಾತಿನ ಧಾಟಿ ಬೇಕಾದರೆ ‘ಸಮಾಧಾನ ಮಾಡಿದರು’ ಸಾಕು. ‘ತಣ್ಣೀರೆರಚು’ ಬೇಡ, ಅದು ಆಸೆ, ಉತ್ಸಾಹ ಕೆಡಿಸುವುದಕ್ಕೆ ಮೀಸಲು. ಇನ್ನೊಂದು: ಇದು ಮೂರನೆಯವರು ನಡುವೆ ಬಂದು ಮಾಡುವ ಕೆಲಸ. ಸಿಟ್ಟಾದವನಿಗೇ ನೇರವಾಗಿ ‘ಸ್ವಲ್ಪ ತಾಳು ಮಾರಾಯ’ ಅನ್ನುವ ಕಡೆ ಈ ನುಡಿಗಟ್ಟು ಇಂಗ್ಲಿಷಿನಲ್ಲೂ ಹೊಂದುವುದಿಲ್ಲ.